‘ನೊಡಿಕೊಲ್ಲುತ್ತೇನೆ’

ಬುಧವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರುದಾರರು ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತರು. ಒಂದು ಬೆರಳಚ್ಚು ಕಚೇರಿಯ ಮ್ಯಾನೇಜರ್. ಆಸ್ಪತ್ರೆ, ಕೋರ್ಟು, ಕಂಪನಿಗಳಿಂದ ಅವರಲ್ಲಿಗೆ ಧ್ವನಿಮುದ್ರಿಕೆಗಳು ಬರುತ್ತವೆ. ಆರು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ಕೇಳಿದ ಹಾಗೆ ಟೈಪ್ ಮಾಡುತ್ತಾರೆ. ಮ್ಯಾನೇಜರ್ ಒಂದು ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದರು.

“ಓದಿ ಸಾರ್. ಇವತ್ತು ಒಂಬತ್ತೂವರೆಗೆ ನನ್ನ ಕೋಣೆ ಬಾಗಿಲ ಕೆಳಗೆ ಬಿದ್ದಿತ್ತು.”

ಇನ್‌ಸ್ಪೆಕ್ಟರ್ ಓದಿದರು. ಹಾಳೆಯಲ್ಲಿ ಇದ್ದದ್ದು ಇಷ್ಟು:

“ಸೊಮವಾರದ ಸುತ್ತೊಲೆ ವಾಪಸ್ ತೆಗೆದುಕೊಲ್ಲಿ. ಅಧಿಕಾರ ಶಾಶ್ವತ ಎನ್ನುವ ಭ್ರಮೆ ಬೇಡ. ನಿಮ್ಮ ಮಗಲ ಶಾಲೆಯ ಬಾಗಿಲು ಎಲ್ಲಿದೆ ಎನ್ನುವುದು ಗೊತ್ತು. ಇಲ್ಲದಿದ್ದರೆ ನಿಮ್ಮನ್ನು ನಾನೇ ನೊಡಿಕೊಲ್ಲುತ್ತೇನೆ.”

“ಕೊಲ್ತಾನಂತೆ! ಮಗಳ ಸ್ಕೂಲು ಗೊತ್ತಂತೆ!” ಎಂದರು ಮ್ಯಾನೇಜರ್. ಜಂಬದ ಮನುಷ್ಯ, ಆದರೆ ಹೆದರಿದ್ದು ನಿಜ.

“ಸೋಮವಾರ ಏನು ಸುತ್ತೋಲೆ ಹೊರಡಿಸಿದ್ರಿ?”

“ಮೂರು ವಿಷಯ. ಎದ್ದು ಹೋದವರು ಎಷ್ಟೊತ್ತಿಗೆ ವಾಪಸ್ ಬಂದ್ರು ಅಂತ ಪುಸ್ತಕದಲ್ಲಿ ಬರೀಬೇಕು. ಹಳೇ ಸಿಬ್ಬಂದಿ ಎಲ್ಲ ಕಣ್ಣು ಕಿವಿ ಪರೀಕ್ಷೆ ಮಾಡಿಸ್ಕೊಂಡು ಚೀಟಿ ತರಬೇಕು. ಅಟೆಂಡರ್ ಕೆಲಸ ಇನ್ಮುಂದೆ ಗುತ್ತಿಗೆಗೆ.”

“ಅಂದ್ರೆ ಒಂದೇ ಏಟಿಗೆ ಎಲ್ರನ್ನೂ ಎದುರು ಹಾಕ್ಕೊಂಡ್ರಿ.”

“ಎಲ್ರೂ ಅಲ್ಲ ಸಾರ್. ಆ ಬರವಣಿಗೆ ನೋಡಿ. ‘ಮಗಲ’ ಅಂತೆ, ‘ತೆಗೆದುಕೊಲ್ಲಿ’ ಅಂತೆ. ನಮ್ಮಲ್ಲಿ ಹಾಗೆ ಮಾತಾಡೋನು ಒಬ್ಬನೇ.”

ಹನ್ನೊಂದು ಐದಕ್ಕೆ ಎಫ್‌ಐಆರ್ ಆಯಿತು. ಕೊಲೆ ಬೆದರಿಕೆ.

ಆ ಒಬ್ಬ ಎಂದರೆ ಕಚೇರಿಯ ಅಟೆಂಡರ್. ಐವತ್ತು ದಾಟಿದವನು. ನಾಲಿಗೆ ಹೊರಳದೆ ‘ಳ’ ಬದಲು ‘ಲ’ ಅನ್ನುತ್ತಾನೆ ಎಂಬ ಒಂದೇ ಕಾರಣಕ್ಕೆ ಕಚೇರಿಯ ಮಂದಿ ಅವನಿಗೆ ಲಕಾರ ಎಂದು ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ, ಪಾಪ, ಇನ್ನೇನು ಮಾಡಿಯಾನು.

ಇನ್‌ಸ್ಪೆಕ್ಟರ್ ಮಧ್ಯಾಹ್ನ ಹನ್ನೆರಡಕ್ಕೆ ಕಚೇರಿಗೆ ಹೋಗಿ ಆರೂ ಯಂತ್ರಗಳನ್ನು ತಪಾಸಣೆ ಮಾಡಿಸಿದರು. ಕಂಪ್ಯೂಟರ್ ರಿಪೇರಿಯವನು ಒಂದೊಂದನ್ನೂ ಆರಿಸಿ ಹೊತ್ತಿಸಿದ, ಫಾಂಟ್ ಬದಲಿಸಿ ನೋಡಿದ, ಕನ್ನಡ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದ. ಆರರಲ್ಲೂ ‘ಳ’ ಚೆನ್ನಾಗಿಯೇ ಮೂಡಿತು. ಯಂತ್ರ ಸರಿಯಿದೆ, ಹಾಗಾದರೆ ತಪ್ಪು ಮನುಷ್ಯನದ್ದು ಎಂದು ಪಂಚನಾಮೆಯಲ್ಲಿ ಬರೆದರು. ನಾಲ್ಕು ಗಂಟೆಗೆ ಅಟೆಂಡರನ ತೋಳು ಹಿಡಿದು ಮೆಟ್ಟಿಲಿಳಿಸಿದರು. “ನಾನಲ್ಲ ಸಾರ್, ದೇವರಾಣೆ ನಾನಲ್ಲ” ಎಂದು ಅವನು ಕೆಳಗಿನ ಬಾಗಿಲವರೆಗೂ ಕೂಗಿದ. ಇಡೀ ಕಚೇರಿ ಎದ್ದು ನಿಂತು ನೋಡಿತು. ಆಮೇಲೆ ಒಬ್ಬೊಬ್ಬರಾಗಿ ಕೂತು ಹೆಡ್‌ಫೋನ್ ಹಾಕಿಕೊಂಡರು.

ಠಾಣೆಯಲ್ಲಿ ವಿಚಾರಣೆ ನಡೆಯಿತು. ಅದನ್ನು ವಿಚಾರಣೆ ಎನ್ನುವುದಕ್ಕೂ ನಾಚಿಕೆಯಾಗುತ್ತದೆ.

“ಹೇಳು, ಬೆಳ್ಳುಳ್ಳಿ.”

“ಬೆಲ್ಲುಲ್ಲಿ.”

ಪೇದೆಗಳು ಬಿದ್ದು ಬಿದ್ದು ನಕ್ಕರು.

“ಪತ್ರ ಬರೆದಿದ್ದು ನೀನೇ ತಾನೆ?”

“ಅಲ್ಲ ಸಾರ್.”

“ಮತ್ಯಾರು?”

ಅಟೆಂಡರ್ ನೆಲ ನೋಡಿದ. “ಹೇಲಲ್ಲ ಸಾರ್.”

“ಗೊತ್ತಿಲ್ಲ ಅಂತೀಯೋ, ಹೇಳಲ್ಲ ಅಂತೀಯೋ?”

“ಹೇಲಲ್ಲ.”

ಈ ಕೊಬ್ಬಿಗೆ ಇನ್‌ಸ್ಪೆಕ್ಟರ್‌ಗೆ ಪಿತ್ತ ನೆತ್ತಿಗೇರಿತು. ಮರುದಿನ ಮೂರೂವರೆಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದೆಂದು ಬರೆಸಿದರು. ಒಮ್ಮೆ ಜೈಲಿನ ಗೇಟು ದಾಟಿದರೆ ಅಟೆಂಡರನ ಕೆಲಸ ಹೋದಂತೆಯೇ. ಅದು ಅವನಿಗೂ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಕಡತ ಜೋಡಿಸುತ್ತಿದ್ದ ಮುಖ್ಯ ಪೇದೆ ಪತ್ರದ ನಕಲನ್ನು ಹಿಡಿದುಕೊಂಡು ಒಳಗೆ ಬಂದಳು. ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಎರಡು ವರ್ಷ ಟೈಪಿಂಗ್ ಕಲಿತು ಪರೀಕ್ಷೆ ಪಾಸು ಮಾಡಿದ್ದ ಹೆಂಗಸು.

“ಸಾರ್, ಒಂದು ಅನುಮಾನ.”

“ನಿಮ್ಮನ್ನ ಕೇಳ್ದೋರು ಯಾರ್ರೀ?”

“ಯಾರೂ ಕೇಳಿಲ್ಲ ಸಾರ್. ಅವನು ಲ ಅಂತಾನೆ, ಒಪ್ಪಿದೆ. ಆದ್ರೆ ಸೋಮವಾರ ಅನ್ನೋಕೆ ಬರಲ್ವಾ ಅವನಿಗೆ? ಇಲ್ಲಿ ‘ಸೊಮವಾರ’ ಅಂತಿದೆ. ‘ಸುತ್ತೊಲೆ’ ಅಂತಿದೆ. ‘ನೊಡಿ’ ಅಂತಿದೆ. ಹಾಗೆ ಮಾತಾಡೋರನ್ನ ಈ ಭೂಮಿ ಮೇಲೆ ನಾನು ಕಂಡಿಲ್ಲ. ಇದು ನಾಲಿಗೆ ತಪ್ಪಲ್ಲ ಸಾರ್, ಕೈ ತಪ್ಪು.”

ಇನ್‌ಸ್ಪೆಕ್ಟರ್ ಹಾಳೆ ಕಿತ್ತುಕೊಂಡು ನೋಡಿದರು. ನಿನ್ನೆಯಿಂದ ನೂರು ಸಲ ನೋಡಿದ್ದ ಹಾಳೆ. ನಮ್ಮ ಜನರ ಕಣ್ಣು ‘ಮಗಲ’ ಕಂಡ ಕೂಡಲೇ ನಗಲು ಶುರುಮಾಡುತ್ತದೆ, ಆಮೇಲೆ ಮುಂದಿನದು ಕಾಣುವುದಿಲ್ಲ.

“ಅಧಿಕಾರದ ‘ಧ’ ಸರಿಯಿದೆ, ಶಾಶ್ವತದ ‘ಶ’ ಸರಿಯಿದೆ, ಭ್ರಮೆ ಸರಿಯಿದೆ,” ಎಂದಳು ಮುಖ್ಯ ಪೇದೆ. “ಲ, ಒ ಕೀಲಿಗೇ ಶಿಫ್ಟ್ ಸೇರಿಸಿ ಒತ್ತಿದ್ರೆ ಳ, ಓ. ಇವೂ ಹಾಗೇ ಶಿಫ್ಟ್ ಒತ್ತಿಯೇ ಬರೋ ಅಕ್ಷರಗಳು. ಹತ್ತು ಬೆರಳಲ್ಲಿ ಟೈಪ್ ಮಾಡೋರಿಗೆ ಒಂದು ಪದ್ಧತಿ ಇದೆ. ಅಕ್ಷರ ಎಡಗೈದಾದ್ರೆ ಬಲಗಡೆ ಶಿಫ್ಟ್, ಬಲಗೈದಾದ್ರೆ ಎಡಗಡೆ ಶಿಫ್ಟ್. ಧ, ಶ, ಭ ಎಡಗೈವು. ಅವೆಲ್ಲ ಮೂಡಿವೆ. ಳ, ಓ ಬಲಗೈವು. ಒಂದೂ ಮೂಡಿಲ್ಲ. ಎಡ ಶಿಫ್ಟ್ ಸತ್ತಿದೆ ಸಾರ್.”

“ಎರಡು ಬೆರಳಲ್ಲಿ ಕುಟ್ಟೋರಾದ್ರೆ?”

“ಅವ್ರು ಎಲ್ಲದಕ್ಕೂ ಒಂದೇ ಶಿಫ್ಟ್ ಒತ್ತೋದು. ಬಂದ್ರೆ ಎಲ್ಲ ಬರಬೇಕು, ಕೆಟ್ರೆ ಎಲ್ಲ ಕೆಡಬೇಕು. ಅಟೆಂಡರ್‌ಗೆ ಟೈಪಿಂಗೇ ಬರಲ್ಲ. ಇದು ಪಳಗಿದ ಕೈ.”

ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡರು. “ನಿನ್ನೆ ಆರೂ ಯಂತ್ರ ಸರಿ ಇದ್ವಲ್ರೀ!” ಎಂದು ಅವಳ ಮೇಲೆಯೇ ರೇಗಿದರು.

ಹತ್ತು ಗಂಟೆಗೆ ಕಚೇರಿಯ ಉಗ್ರಾಣದವನನ್ನು ಹಿಡಿದರು.

“ಈ ವಾರ ಯಾರಿಗಾದ್ರೂ ಕೀಬೋರ್ಡ್ ಬದಲಾಯಿಸಿದ್ಯಾ?”

“ಹೌದು ಸಾರ್. ನಿನ್ನೆ ಹನ್ನೊಂದು ಇಪ್ಪತ್ತಕ್ಕೆ. ಒಂದನೇ ಮೇಜು, ನಮ್ಮ ದೊಡ್ಡಕ್ಕಂಗೆ. ಕರಡಲ್ಲಿ ತಪ್ಪಿದೆ ಅಂತ ವಾಪಸ್ ಬಂತಂತೆ, ಬೇರೆ ಕೊಡಿ ಅಂದ್ರು.”

“ನಿನ್ನೆ ಮಧ್ಯಾಹ್ನ ನಾನು ಇಲ್ಲೇ ಇದ್ನಲ್ಲ, ಯಾಕೆ ಬೊಗಳಲಿಲ್ಲ?”

“ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಹಳೆಯ ಕೀಬೋರ್ಡು ಗುಜರಿ ಡಬ್ಬದಲ್ಲಿ ಸಿಕ್ಕಿತು. ಇಬ್ಬರು ಪಂಚರ ಸಮಕ್ಷಮ ಉಗ್ರಾಣದ ಕಂಪ್ಯೂಟರಿಗೆ ಜೋಡಿಸಿದರು. ಬಲ ಶಿಫ್ಟ್ ಒತ್ತಿದರೆ ‘ಳ’ ಬಂತು. ಎಡ ಶಿಫ್ಟ್ ಎಷ್ಟು ಅದುಮಿದರೂ ‘ಲ’ ಬಂತು. ಕೀಲಿಯನ್ನು ಎಬ್ಬಿಸಿ ನೋಡಿದಾಗ ಕೆಳಗೆ ಒಂದು ಮುರುಕು ಸ್ಟೇಪ್ಲರ್ ಪಿನ್ನು ಅಡ್ಡ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯದೆ, ಹಾಗೆಯೇ ಮುಚ್ಚಿ ಜಪ್ತಿ ಮಾಡಿದರು.

ದೊಡ್ಡಕ್ಕ ಎಂದರೆ ಹಿರಿಯ ಬೆರಳಚ್ಚುಗಾರ್ತಿ. ಇಪ್ಪತ್ತೇಳು ವರ್ಷದ ಸರ್ವಿಸು. ಅಟೆಂಡರನನ್ನು ಲಕಾರ ಎಂದು ಕರೆಯದ ಒಂದೇ ಒಂದು ಜೀವ ಆ ಕಚೇರಿಯಲ್ಲಿ ಅವರೇ ಎಂದು ಎಲ್ಲರೂ ಹೇಳಿದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರಂತೆ.

“ಏನು ಮಾತಾಡ್ತಿದ್ರು ಇಬ್ರೂ?”

“ಮಾತಲ್ಲ ಸಾರ್,” ಎಂದ ಉಗ್ರಾಣದವನು. “ಅವನು ಏನೋ ಓದಿ ಹೇಳ್ತಿದ್ದ. ನಮಗ್ಯಾಕೆ?”

ಮುಖ್ಯ ಪೇದೆ ಆ ಮಾತಿಗೆ ಥಟ್ಟನೆ ತಲೆಯೆತ್ತಿದಳು. ಇನ್‌ಸ್ಪೆಕ್ಟರ ಕಿವಿಯಲ್ಲಿ ಏನೋ ಹೇಳಿದಳು. ಈ ಸಲ ಅವರು ರೇಗಲಿಲ್ಲ.

ಹನ್ನೆರಡು ಗಂಟೆಗೆ, ದೊಡ್ಡಕ್ಕ ಕೈ ತೊಳೆಯಲು ಎದ್ದಾಗ, ಒಂದನೇ ಮೇಜಿಗೆ ಹಳೆಯ ಕೀಬೋರ್ಡನ್ನು ಜೋಡಿಸಿದರು. ಅವರು ಬಂದು ಕೂತರು. ಬೆನ್ನು ನೆಟ್ಟಗೆ, ಮುಖ ಪರದೆಗೆ ನೇರವಾಗಿ.

“ಒಂದು ಸಾಲು ಹೇಳ್ತೀನಿ, ಟೈಪ್ ಮಾಡಿ. ಎಲ್ರಿಗೂ ಮಾಡ್ತಿರೋ ಪರೀಕ್ಷೆ,” ಎಂದರು ಇನ್‌ಸ್ಪೆಕ್ಟರ್. “ಹಳೆ ಕೋಣೆಯೊಳಗೆ ಕೀಲಿ ಕಳೆದುಹೋದ ದಿನ ಅಧಿಕಾರಿ ಧಾವಿಸಿ ಬರಲಿಲ್ಲ.”

ಹತ್ತು ಬೆರಳು ಹರಿದವು. ಪರದೆಯ ಮೇಲೆ ಮೂಡಿತು: ಹಲೆ ಕೊನೆಯೊಲಗೆ ಕಿಲಿ ಕಲೆದುಹೊದ ದಿನ ಅಧಿಕಾರಿ ಧಾವಿಸಿ ಬರಲಿಲ್ಲ.

ಬೇರೆ ಯಾರೇ ಆಗಿದ್ದರೂ ಮೊದಲ ಪದಕ್ಕೇ ನಿಲ್ಲಿಸುತ್ತಿದ್ದರು. ದೊಡ್ಡಕ್ಕ ಕೊನೆಯ ಚುಕ್ಕಿ ಹಾಕಿ, ಕೈ ಮಡಿಲಲ್ಲಿಟ್ಟುಕೊಂಡರು. “ಆಯ್ತು ಸಾರ್.”

“ಸರಿಯಾಗಿದೆಯಾ, ಒಂದು ಸಲ ನೋಡಿ.”

“ಸರಿಯಾಗಿದೆ.”

ಹಿಂದೆ ನಿಂತಿದ್ದ ಮ್ಯಾನೇಜರ್ “ಅಯ್ಯೋ!” ಎಂದರು. ಆ ಒಂದು ಉದ್ಗಾರ ಸಾಕಾಯಿತು. ದೊಡ್ಡಕ್ಕ ಕೈ ಚಾಚಿ ಕೀಬೋರ್ಡಿನ ಅಂಚು ಸವರಿದರು, ಎಡ ಶಿಫ್ಟನ್ನು ಎರಡು ಸಲ ಒತ್ತಿದರು.

“ಹಳೇದು ಹಾಕಿದ್ದೀರಿ,” ಎಂದರು.

“ಎಷ್ಟು ದಿನದಿಂದ ಕಾಣ್ತಿಲ್ಲ?”

“ಒಂದೂವರೆ ವರ್ಷ. ಬೆಳಕು, ಕತ್ತಲೆ ಗೊತ್ತಾಗುತ್ತೆ. ಅಕ್ಷರ ಕಾಣಲ್ಲ.”

“ಪತ್ರ?”

“ನಾನೇ. ಮಂಗಳವಾರ ಸಂಜೆ ಎಲ್ಲರೂ ಹೋದ ಮೇಲೆ. ಆದ್ರೆ ಕೊಲ್ಲೋ ಮಾತು ನಂದಲ್ಲ ಸಾರ್. ‘ನೋಡಿಕೊಳ್ಳುತ್ತೇನೆ’ ಅಂತ ಹೊಡೆದಿದ್ದೆ. ಹೆದರಿಸೋಕೆ.”

“ಮಗಳ ಶಾಲೆ?”

ದೊಡ್ಡಕ್ಕ ಕೀಬೋರ್ಡನ್ನು ಮೇಜಿನ ಆಚೆಗೆ ತಳ್ಳಿದರು. ಆ ಸಾಲಿನಲ್ಲಿ ಕೀಬೋರ್ಡಿನ ತಪ್ಪು ಬರೀ ಒಂದು ಅಕ್ಷರ, ಉಳಿದದ್ದೆಲ್ಲ ಅವರದ್ದೇ. ಹನ್ನೆರಡು ನಲವತ್ತಕ್ಕೆ ದಸ್ತಗಿರಿ ಮಾಡಲಾಯಿತು.

ಠಾಣೆಯಲ್ಲಿ ಅವರ ಹೇಳಿಕೆಯನ್ನು ಮುಖ್ಯ ಪೇದೆ ಬರೆದುಕೊಂಡಳು. ದೊಡ್ಡಕ್ಕ ಇರುವುದು ತಂಗಿಯ ಮನೆಯಲ್ಲಿ. “ಕಚೇರಿಗೆ ಹೋಗಿ ಬರೋವರೆಗೂ ಆ ಮನೇಲಿ ನಾನು ದೊಡ್ಡಕ್ಕ. ಕಣ್ಣಿಲ್ಲ ಅಂತ ಗೊತ್ತಾದ ದಿನ ನಾನೊಂದು ಮೂಟೆ. ಎಲ್ಲಿಡೋದು ಅಂತ ಗಂಡ ಹೆಂಡ್ತಿ ಪಿಸುಪಿಸು ಅನ್ನೋಕೆ ಶುರು ಮಾಡ್ತಾರೆ. ಆ ಕಣ್ಣಿನ ಚೀಟಿ ಒಂದು ಕೇಳ್ದೆ ಇದ್ದಿದ್ರೆ ನನಗೆ ಯಾರ ತಂಟೆಯೂ ಬೇಡವಾಗಿತ್ತು. ಬುಧವಾರ ಬೆಳಿಗ್ಗೆ ಪತ್ರ ಬಾಗಿಲ ಕೆಳಗೆ ಹಾಕೋ ಮೊದಲು ಅಟೆಂಡರ್ ಕೈಲಿ ಓದಿಸ್ದೆ. ಅವನಿಗೆ ನನ್ನ ಕಣ್ಣಿನ ವಿಷಯ ಗೊತ್ತು, ದಿನಾ ಅವನೇ ಓದಿ ಹೇಳೋದು. ತಪ್ಪೇನೂ ಕೇಳಿಸಲಿಲ್ಲ.”

ಹೇಗೆ ಕೇಳಿಸೀತು? ‘ನೊಡಿ’ ಎಂದಿದ್ದರೂ ಅವನು ಅರ್ಥ ಹಿಡಿದು ‘ನೋಡಿ’ ಎಂದೇ ಓದಿದ್ದ. ಇನ್ನು ಕೊಳ್ಳುವುದು, ಕೊಲ್ಲುವುದು ಅವನ ಬಾಯಲ್ಲಿ ಹುಟ್ಟಿದಾಗಿನಿಂದ ಒಂದೇ.

ಅಷ್ಟರಲ್ಲಿ ಅಟೆಂಡರನನ್ನು ಲಾಕಪ್ಪಿನಿಂದ ಹೊರಗೆ ತಂದಿದ್ದರು. ಅವನು ಗೋಡೆ ಹಿಡಿದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಇನ್‌ಸ್ಪೆಕ್ಟರ್ ಅವನ ಕಡೆ ನೋಡದೆ, “ಹೋಗಬಹುದು ನೀನು,” ಎಂದರು. ಕ್ಷಮಿಸು ಎನ್ನುವ ಪದ್ಧತಿ ಆ ಠಾಣೆಯಲ್ಲಿ ಇರಲಿಲ್ಲ.

“ಹೇಳಿಕೆ ಓದಿ ಹೇಳ್ತೀವಿ, ಕೇಳಿ ಸಹಿ ಹಾಕಿ,” ಎಂದರು ದೊಡ್ಡಕ್ಕನಿಗೆ.

“ಅವನೇ ಓದ್ಲಿ ಸಾರ್,” ಎಂದರು ದೊಡ್ಡಕ್ಕ. “ಇಲ್ಲೇ ಇದ್ದಾನಲ್ಲ, ಸದ್ದು ಕೇಳ್ತು. ಅವನು ಓದಿದ್ರೆ ನನಗೆ ನಂಬಿಕೆ.”

ಅಟೆಂಡರ್ ಮೇಜಿನ ಹತ್ತಿರ ಬಂದ. ಹಾಳೆ ಮುಟ್ಟಲಿಲ್ಲ.

“ಹಾಕಬೇಡಿ ಅಕ್ಕಾ, ಆ ಮಗು ವಿಷಯ ಬೇಡ ಅಂತ ಕಾಲು ಹಿಡಿದು ಕೇಲ್ಕೊಂಡೆ. ಹರಿದು ಹಾಕ್ತೀನಿ ಅಂದ್ರಿ. ಅದೂ ಹೋಗ್ಲಿ. ನಿನ್ನೆ ನನ್ನ ಎಲ್ಕೊಂಡು ಹೋಗುವಾಗ ನೀವು ಎಲ್ಲರ ಜೊತೆ ಎದ್ದು ನಿಂತಿದ್ರಿ.”

“ನನಗೆ ಕಣ್ಣು ಕಾಣಲ್ವೋ, ನಿನಗೇ ಗೊತ್ತು.”

“ಕಿವಿ ಕೇಲುತ್ತಲ್ಲ ಅಕ್ಕಾ.”

ಅವನು ಬಾಗಿಲು ದಾಟಿ ಹೋದ. ಆ ಹೆಜ್ಜೆಗಳ ಸದ್ದು ಪೂರ್ತಿ ಅಡಗುವವರೆಗೂ ದೊಡ್ಡಕ್ಕ ಕತ್ತು ಆ ಕಡೆಗೇ ತಿರುಗಿಸಿಕೊಂಡಿದ್ದರು.

ಎರಡು ಗಂಟೆ ಹತ್ತು ನಿಮಿಷಕ್ಕೆ ಮುಖ್ಯ ಪೇದೆ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು. ಪ್ರತಿಯೊಂದು ‘ಳ’ವೂ ಸ್ಪಷ್ಟವಾಗಿ ಬಂತು. ದೊಡ್ಡಕ್ಕ ಮಧ್ಯದಲ್ಲಿ ಒಂದೇ ಸಲ ತಡೆದರು.

“ಇನ್ನೊಂದು ಸಾಲು ಸೇರಿಸಿ,” ಎಂದರು. “ಅವನು ಕೂಗಿದ್ದು ನನಗೆ ಕೇಳಿಸಿತ್ತು.”

ಮುಖ್ಯ ಪೇದೆ ಬರೆದುಕೊಂಡು, ಆ ಸಾಲನ್ನೂ ಓದಿ ಹೇಳಿ, ಸಹಿ ಹಾಕುವ ಜಾಗಕ್ಕೆ ಅವರ ಬೆರಳು ಹಿಡಿದು ಇರಿಸಿದಳು.