ಮೇಜರ್ ಮೇಡಂಗೆ ಸಾಲದ ಎರಡು ಸಾಲು

ಹನ್ನೊಂದು ವರ್ಷದ ಕೆಲಸ, ಬರೆದದ್ದು ಎರಡೇ ಸಾಲು. ಅವನು ರೆಸ್ಯೂಮೆಯನ್ನು ಮಗುಚಿ ಹಿಂಬದಿ ನೋಡಿದ. ಅಲ್ಲೂ ಏನೂ ಇರಲಿಲ್ಲ.

"ಉಳಿದದ್ದು?"

"ಹೇಳೋ ಹಾಗಿಲ್ಲ," ಎಂದಳು ಎದುರಿಗೆ ಕೂತವಳು. ಬೆನ್ನು ಕುರ್ಚಿಗೆ ತಾಗಿರಲಿಲ್ಲ.

ಸೇನೆ ಬಿಟ್ಟು ಬಂದವರನ್ನು ಐಟಿ ಕಂಪನಿಗಳ ಕೆಲಸಕ್ಕೆ ತಯಾರು ಮಾಡುವ ಪುಟ್ಟ ಕೇಂದ್ರ ಅದು. ಎರಡನೇ ಮಹಡಿ, ಹನ್ನೆರಡು ಕಂಪ್ಯೂಟರ್, ಮಾತುಮಾತಿಗೆ ಕಾಗದ ನುಂಗುವ ಒಂದು ಪ್ರಿಂಟರ್. ಅಲ್ಲಿ ಅವನು ನೆಟ್‌ವರ್ಕ್ ಪಾಠ ಹೇಳುತ್ತಿದ್ದ, ಬಂದವರ ರೆಸ್ಯೂಮೆ ತಿದ್ದುತ್ತಿದ್ದ. ಎಲ್ಲರೂ ಅವನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ವಯಸ್ಸು ಮೂವತ್ತೆಂಟು. ಮದುವೆ ಯಾಕಾಗಲಿಲ್ಲ ಎಂದರೆ "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದ. ಇದ್ದ ಚಾಳಿ ಒಂದೇ: ಏನು ಕಂಡರೂ ಕೆದಕುವುದು. ಮುಚ್ಚಿದ ಡಬ್ಬಿ ಕಂಡರೆ ಅಲ್ಲಾಡಿಸಿ ನೋಡದೆ ಇರಲಾರ.

ಎದುರಿಗಿದ್ದವಳು ಸೇನೆಯ ಸಂಪರ್ಕಜಾಲ ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದಲ್ಲಿ ಮೇಜರ್ ಆಗಿದ್ದವಳು.

"ರೇಡಿಯೋ ಲಿಂಕ್ ನೋಡ್ಕೋತಿದ್ರಾ?"

"ಇರಬಹುದು."

"ಬೆಟ್ಟದ ಮೇಲಾ?"

"ಬೆಟ್ಟ ಎಲ್ಲಾ ಕಡೆ ಇರುತ್ತೆ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀರಲ್ಲ ಮೇಡಂ!"

"ದೀಪ ಇಟ್ಟಿದ್ದೀನಲ್ಲ ಮೇಷ್ಟ್ರೇ, ಅದೇ ಹೆಚ್ಚು."

ನಗಲಿಲ್ಲ. ಅವಳ ತುಟಿಯ ಎಡಗಡೆ ಕೊನೆಯೊಂದು ಮಾತ್ರ ಚೂರು ಮೇಲೆ ಹೋಗಿ, ಯಾರಾದರೂ ನೋಡಿಯಾರು ಎಂಬಂತೆ ಕೆಳಗಿಳಿಯಿತು. ಅವನು ನೋಡಿಬಿಟ್ಟಿದ್ದ. ಅಂದು ಮಧ್ಯಾಹ್ನ ಐದನೇ ಪಾಠದ ಬದಲು ಏಳನೇ ಪಾಠ ಮಾಡಿದ. ಅರ್ಧ ಗಂಟೆಯಾದ ಮೇಲೆ ಹಿಂದಿನ ಬೆಂಚಿನ ನಿವೃತ್ತ ಹವಾಲ್ದಾರರು ಕೆಮ್ಮಿ ಎಚ್ಚರಿಸಬೇಕಾಯಿತು.

ವಾರ ಕಳೆದಂತೆ ಅವನಿಗೆ ಬೇರೆ ಬೇರೆ ಸಂಗತಿ ತಿಳಿಯುತ್ತ ಹೋಯಿತು. ಅವಳು ಜಡೆಯನ್ನು ಮೇಲಕ್ಕೆ ಸುತ್ತಿ ಪೆನ್ಸಿಲ್ ಸಿಕ್ಕಿಸುತ್ತಾಳೆ. ಲೆಕ್ಕ ಬಿಡಿಸಿದ ಮೇಲೆ ಮೇಜಿನ ಮೇಲೆ ಒಂದು ಸಲ ಬೆರಳು ಬಡಿಯುತ್ತಾಳೆ. ಕಾಫಿ ಕುಡಿಯುವಾಗ ಕಿಟಕಿಗೆ ಬೆನ್ನು ಹಾಕಿ ಕೂರುವುದೇ ಇಲ್ಲ. ಒಂದು ದಿನ ಅವನು ಬೇಕೆಂದೇ ಲ್ಯಾಬಿನ ನೆಟ್‌ವರ್ಕ್ ಕೆಡಿಸಿಟ್ಟ. ಉಳಿದವರು ಕೀಬೋರ್ಡಿನ ಮೇಲೆ ಬಿದ್ದರು. ಅವಳು ಮಾತ್ರ ಕೈ ಕಟ್ಟಿ ಕೇಳಿದಳು:

"ಕೊನೇ ಸಲ ಯಾವಾಗ ಸರಿ ಇತ್ತು? ಆಮೇಲೆ ಯಾರು ಮುಟ್ಟಿದ್ರು?"

ಪುಸ್ತಕ ಅರೆದು ಕುಡಿದವರಿಗೂ ಹೊಳೆಯದ ಪ್ರಶ್ನೆ. "ನಾನೇ," ಎಂದ ಅವನು, ಸಿಕ್ಕಿಬಿದ್ದ ಕಳ್ಳನ ಹಾಗೆ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಈ ಸಲ ಹಲ್ಲು ಕಾಣುವಂತೆ.

ಅವಳು ಇದ್ದದ್ದು ಅಣ್ಣನ ಮನೆಯಲ್ಲಿ. ಒಂದು ದಿನ ಅವಳು ಮರೆತುಬಂದಿದ್ದ ಫೈಲ್ ಹಿಡಿದು ಅತ್ತಿಗೆಯೇ ಮಹಡಿ ಹತ್ತಿ ಬಂದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓ, ಇವರೇನಾ?" ಎಂದಳು. "ನಮ್ಮ ಹುಡುಗಿ ಮನೇಲಿ ಬಾಯಿ ಬಿಡೋದು ಎರಡೇ ವಿಷಯಕ್ಕೆ. ಒಂದು ರೌಟರ್. ಇನ್ನೊಂದು ಮೇಷ್ಟ್ರು."

"ಅತ್ತಿಗೇ, ನಿಮಗೆ ಬಸ್ ತಪ್ಪಿಹೋಗುತ್ತೆ."

"ತಪ್ಪಿದ್ರೆ ಇನ್ನೊಂದು ಬರುತ್ತೆ. ಬಸ್ಸಲ್ವಾ, ವರ ಅಲ್ಲವಲ್ಲ!"

ಮೇಜರ್ ಮೇಡಂ ಕಿವಿ ಕೆಂಪಾಗುವುದನ್ನು ಅಂದೇ ಅವನು ಮೊದಲು ನೋಡಿದ್ದು. ಫೈಲನ್ನು ಅವಳು ತಲೆಕೆಳಗಾಗಿ ಹಿಡಿದಿದ್ದಳು.

ಮುಂದೆ ಆದದ್ದಕ್ಕೆ ಆ ಕೆಂಪು ಕಿವಿಯೂ ಒಂದು ಕಾರಣ. ಊರಿನ ಒಳ್ಳೆಯ ಕಂಪನಿಯೊಂದರ ನೆಟ್‌ವರ್ಕ್ ವಿಭಾಗಕ್ಕೆ ಜನ ಬೇಕಾಗಿತ್ತು. ಎರಡು ಸಾಲಿನ ರೆಸ್ಯೂಮೆ ಕಳಿಸಿದರೆ ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳಿಗೆ ಕೆಲಸ ಸಿಗಲೇಬೇಕು ಎಂಬ ಆಸೆಯಲ್ಲಿ, ಅವಳನ್ನು ಕೇಳದೆ, ಮೂರನೇ ಸಾಲು ಸೇರಿಸಿಬಿಟ್ಟ: ಕ್ಲೌಡ್ ಅನುಭವ, ನಾಲ್ಕು ವರ್ಷ.

ಸಂದರ್ಶನಕ್ಕೆ ಹೋದವಳು ಹನ್ನೊಂದು ಗಂಟೆಗೆಲ್ಲ ವಾಪಸ್ ಬಂದು ಆ ಹಾಳೆಯನ್ನು ಅವನ ಮುಂದಿಟ್ಟಳು.

"ಇದನ್ನ ಬರೆದದ್ದು ನೀವಾ?"

"ಎಲ್ಲರೂ ಸ್ವಲ್ಪ ಸೇರಿಸ್ತಾರೆ. ಇಲ್ಲದಿದ್ರೆ ಒಳಗೇ ಬಿಡಲ್ಲ..."

"ಅವರು ಈ ಸಾಲಿನ ಮೇಲೆ ಬೆರಳಿಟ್ಟು ಕೇಳಿದ್ರು. ಇದು ಸುಳ್ಳು ಅಂದೆ. ಹಾಗಾದ್ರೆ ಯಾಕೆ ಬರೆದ್ರಿ ಅಂದ್ರು. ಏನು ಹೇಳಲಿ? ಎದ್ದು ಬಂದೆ." ಅವಳ ದನಿ ಏರಲಿಲ್ಲ. ಏರಿದ್ದರೇ ಅವನಿಗೆ ಸಹಿಸಲು ಸುಲಭವಾಗುತ್ತಿತ್ತು. "ನನ್ನ ಹನ್ನೊಂದು ವರ್ಷ ನಿಮಗೆ ಸಾಲದೇ ಹೋಯ್ತಾ ಮೇಷ್ಟ್ರೇ?"

 ಮಾರನೇ ದಿನದಿಂದ ಅವಳ ಕುರ್ಚಿ ಖಾಲಿ.

ಎರಡು ದಿನ ಅವನು ಆ ಖಾಲಿ ಕುರ್ಚಿಯ ಎದುರೇ ಪಾಠ ಮಾಡಿದ. ಮೂರನೇ ದಿನ ಆ ಕಂಪನಿಗೆ ಮೇಲ್ ಬರೆದ: ಆ ಸಾಲು ಸೇರಿಸಿದವನು ನಾನು, ಅವರಿಗೆ ಗೊತ್ತಿರಲಿಲ್ಲ, ತಪ್ಪು ಪೂರ್ತಿ ನನ್ನದು. ಅದನ್ನೇ ಕೇಂದ್ರದ ಮುಖ್ಯಸ್ಥರಿಗೂ ಕಳಿಸಿದ. ಅವರು ಕರೆದು ಮುಖದ ನೀರಿಳಿಸಿದರು. ಇನ್ನು ಮೇಲೆ ಪಾಠ ಮಾತ್ರ, ಯಾರ ರೆಸ್ಯೂಮೆಯನ್ನೂ ಮುಟ್ಟುವ ಹಾಗಿಲ್ಲ. ಏಳು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಒಂದೇ ಮಾತಿನಲ್ಲಿ ಹೋಯಿತು. ಅದು ನ್ಯಾಯವೇ ಎಂದು ಅವನಿಗೂ ಅನ್ನಿಸಿತು.

ಸಂಜೆ ಅವಳ ಅಣ್ಣನ ಮನೆಯ ಬೆಲ್ ಒತ್ತಿದ. ಬಾಗಿಲು ತೆಗೆದ ಅತ್ತಿಗೆ ಈ ಸಲ ನಗಲಿಲ್ಲ. "ಮೇಲೆ ತಾರಸಿಯಲ್ಲಿದ್ದಾಳೆ," ಎಂದಳು. "ಬೈದ್ರೆ ಬೈಸ್ಕೊಳ್ಳಿ. ನಡುವೆ ಇಳಿದು ಬರಬೇಡಿ."

ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಒಂದೊಂದೂ ಅಳತೆ ಹಿಡಿದಂತೆ ಚೌಕ.

"ಕ್ಷಮಿಸಿ," ಎಂದ. "ನೆಪ ಏನೂ ತಂದಿಲ್ಲ."

ಅವಳು ಇನ್ನೆರಡು ಬಟ್ಟೆ ಮಡಿಸಿದಳು. "ಮತ್ತೆ ಯಾಕೆ ಬಂದ್ರಿ?"

"ಕೇಳೋಕೆ. ರೆಸ್ಯೂಮೆಗಲ್ಲ. ನೀವು ಆ ಹನ್ನೊಂದು ವರ್ಷ ಹೇಗಿದ್ರಿ ಅಂತ ತಿಳ್ಕೊಳ್ಳೋ ಆಸೆ. ಎಷ್ಟು ಹೇಳಬಹುದೋ ಅಷ್ಟೇ ಸಾಕು."

ಅವಳು ಅವನ ಮುಖವನ್ನು ಬಹಳ ಹೊತ್ತು ಓದಿದಳು. ಆಮೇಲೆ ಗೋಡೆಗೊರಗಿ ಕೂತು, ಪಕ್ಕದ ಜಾಗದಿಂದ ಬಟ್ಟೆಯ ರಾಶಿ ಸರಿಸಿದಳು.

"ಒಂದು ಸಲ ಹಿಮದಲ್ಲಿ ಲಿಂಕ್ ಕಡಿದುಹೋಯ್ತು. ನನ್ನ ಜೊತೆ ಹನ್ನೆರಡು ಜನ. ಮೂವತ್ತೊಂದು ಗಂಟೆ. ಸರದಿ ಮೇಲೆ ಅವರನ್ನ ಮಲಗಿಸಿದೆ, ನಾನು ಮಲಗಲಿಲ್ಲ. ಕೊನೆಗೆ ಕಾರಣ ಸಿಕ್ಕಿತು. ಹಿಂದಿನ ದಿನ ನಾನೇ ಬದಲಾಯಿಸಿದ್ದ ಒಂದು ಸೆಟ್ಟಿಂಗ್. ವರದೀಲಿ ಹಾಗೇ ಬರೆದೆ: ತಪ್ಪು ನನ್ನದು."

"ಹೆದರಿಕೆ ಆಗಲಿಲ್ವಾ?"

"ಆಯ್ತು. ಕೈ ನಡುಗ್ತಿತ್ತು. ಚಳಿ ಅಂತ ಹುಡುಗರಿಗೆ ಹೇಳಿದೆ."

ಇದನ್ನು ಯಾರಿಗೂ ಹೇಳಿರಲಿಲ್ಲವೆಂದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಅವನು ಮುಂದೆ ಕೆದಕಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ, ಕೇಳದೆ ಕೂತಿರುವುದೂ ಹಿತ ಎನ್ನಿಸಿತು.

ಹತ್ತು ದಿನದ ನಂತರ, ಕ್ಲಾಸ್ ಮುಗಿದು ಅವನು ಕಂಪ್ಯೂಟರ್‌ಗಳನ್ನು ಆರಿಸುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ಆ ಕಂಪನಿಯವರು ಮತ್ತೆ ಕರೆದಿದ್ರು. ನೀವು ಮೇಲ್ ಬರೆದ ವಿಷಯ ಅವರಿಂದ ಗೊತ್ತಾಗಬೇಕಾಯ್ತು. ತಾರಸಿಯಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕ್ಷಮೆಗೆ ಲಂಚ ಕೊಟ್ಟ ಹಾಗಾಗ್ತಿತ್ತು."

ಅವಳ ನೋಟ ಮೆದುವಾಯಿತು. "ಮೂವತ್ತೊಂದು ಗಂಟೆಯ ಕಥೆ ಅವರಿಗೆ ಹೇಳಿದೆ. ತಪ್ಪು ನನ್ನದಾಗಿತ್ತು ಅನ್ನೋದನ್ನೂ. ಕೆಲಸ ಸಿಕ್ತು. ಆರು ತಿಂಗಳು ಟ್ರೈನಿ. ನನ್ನ ಮೇಲಧಿಕಾರಿ ಹುಡುಗನಿಗೆ ಇಪ್ಪತ್ತಾರು ವರ್ಷ."

"ಕಷ್ಟ ಆಗಲ್ವಾ?"

"ಆಗುತ್ತೆ. ಆದ್ರೆ ಹೇಗಿರುತ್ತೋ ನೋಡೋಣ ಅಂತ ಒಳಗೊಳಗೇ ಕುತೂಹಲ."

ಇಬ್ಬರೂ ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲಲ್ಲಿ ಅವನು ನಿಂತುಬಿಟ್ಟ. ಇನ್ನು ಅವಳು ಈ ಮೆಟ್ಟಿಲು ಹತ್ತಲು ಕಾರಣವಿಲ್ಲ; ಹೇಳುವುದಿದ್ದರೆ ಈಗಲೇ.

"ನನಗೆ ನೀವು ಬೇಕು," ಎಂದ. "ಬೆಳಗಿನ ಕಾಫಿಗೆ ಬೇಕು. ಕಷ್ಟಕ್ಕೆ, ಸುಖಕ್ಕೆ, ಜಗಳಕ್ಕೆ ಬೇಕು."

ಅವಳು ಜಡೆಯ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದಳು.

"ಜಗಳದಲ್ಲಿ ನಾನು ಸುಲಭಕ್ಕೆ ಸೋಲೋಳಲ್ಲ."

"ಗೊತ್ತು."

"ಅಣ್ಣ ಅತ್ತಿಗೆ ಹತ್ರ ಬಂದು ಕೇಳ್ತೀರಾ?"

"ಈಗಲೇ ನಡೀರಿ."

"ಈಗ ಬೇಡ," ಎಂದು ಅವನ ಕೈ ಹಿಡಿದಳು. ಹೆಬ್ಬೆರಳ ಬುಡದಲ್ಲಿ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. "ಈಗ ಸುಮ್ನೆ ನನ್ನ ಜೊತೆ ನಡೀರಿ."

ಅವಳದು ಬಿರುಸು ನಡಿಗೆ, ಅವನದು ಆಮೆಯದು. ಮೊದಲು ಎರಡು ಸಲ ಕೈ ಜಗ್ಗಿತು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಅವಳು ಹೆಜ್ಜೆ ಸಣ್ಣದು ಮಾಡಿದ್ದಳು, ಅವನು ದೊಡ್ಡದು ಮಾಡಿದ್ದ.