ಕುಸುಬಿ ಎಣ್ಣೆಯ ಬಾಟಲಿ

"ಅಯ್ಯ! ಅದನ್ನ ಯಾತಕ್ಕ ಹಚ್ಚಾಕತ್ತೀರಿ?"

ರಾಣೆಬೆನ್ನೂರಿನ ಬ್ಯಾಟರಿ ಅಂಗಡಿಯ ಬಾಗಿಲಲ್ಲೇ ಶಿವಲೀಲಾ ನಿಂತುಬಿಟ್ಟಳು. ಒಳಗೆ ಅಂದಾನೆಪ್ಪ ಲಾರಿ ಬ್ಯಾಟರಿಯ ಟರ್ಮಿನಲ್ಲಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರುತ್ತಿದ್ದ.

ಆ ಬಾಟಲಿ ಅವಳದು! ಬ್ಯಾಡಗಿಯಲ್ಲಿ ಅಪ್ಪನ ಗಾಣದಲ್ಲಿ ತಾನೇ ನಿಂತು ತೆಗೆಸಿದ ಕುಸುಬಿ ಎಣ್ಣೆ. ತೊಂಬತ್ತೆರಡರ ಯುಗಾದಿಯಂದು ಇಬ್ಬರ ಲಗ್ನ ನಿಶ್ಚಯವಾದಾಗಿನಿಂದ, ಅಂದಾನೆಪ್ಪ ರೊಟ್ಟಿ ಚಟ್ನಿಗೆ ಹಾಕಿಕೊಳ್ಳಲೆಂದು ವಾರಕ್ಕೊಂದು ಬಾಟಲಿ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದಳು.

ನಿನ್ನೆ ಅವನಿಂದ ಬಂದದ್ದು ಒಂದೇ ಮಾತು. ಲಗ್ನ ಬೇಡ!

'ನನ್ನ ಎಣ್ಣೆಗೇ ಈ ಗತಿಯಾದರೆ, ನಾನೆಷ್ಟರವಳು...' ಅವಳ ಕಣ್ಣು ತುಂಬಿತು.

"ನಾ ಸೇರಲಿಲ್ಲಂದ್ರ ಹಂಗಽ ಹೇಳಬೇಕಿತ್ರಿ."

"ಹಂಗಲ್ಲ ಲೀಲಾ..." ಅವನ ದನಿ ಬಿದ್ದುಹೋಯಿತು. "ಹೊಟ್ಟಿನೋವಂತ ಹಾವೇರಿ ಡಾಕ್ಟರ್ ಕಡೆ ಹೋಗಿದ್ದೆ. ರಕ್ತದಾಗ ಸೀಸ ಸೇರೇತಂತ. ಲಗ್ನ ಐತಿ ಅಂದಿದ್ದಕ್ಕ ಎಲ್ಲಾ ಪರೀಕ್ಷೆ ಮಾಡಿಸಿದ್ರು. ನನಗ... ಮಕ್ಕಳಾಗೋದು ಕಷ್ಟಂತ."

ಶಿವಲೀಲಾ ಮೂಲೆಯತ್ತ ನೋಡಿದಳು. ಸೀಮೆಎಣ್ಣೆ ಸ್ಟೋವಿನ ಮೇಲೆ ಹಳೇ ಬ್ಯಾಟರಿಯ ಸೀಸ ಕರಗುತ್ತಿತ್ತು. ಹತ್ತು ವರ್ಷ ಅದೇ ಹೊಗೆ ಕುಡಿದು, ಅದೇ ಕೈಯಲ್ಲಿ ರೊಟ್ಟಿ ಮುರಿದಿದ್ದಾನೆ, ಪುಣ್ಯಾತ್ಮ!

"ಡಾಕ್ಟರ್ ಮತ್ತೇನಂದ್ರು?"

"ಸೀಸದ ಕೆಲಸ ಬಿಟ್ಟರ ಸುಧಾರಿಸಬಹುದು ಅಂದ್ರು. ಕುಸುಬಿ ಎಣ್ಣಿ ಕೊಟ್ಟ ಇಲಿಗಳಿಗೆ ಸೀಸದ ತ್ರಾಸು ಕಡಿಮಿ ಆಗಿತ್ತಂತ, ಎಲ್ಲೋ ಓದ್ಯಾರ. ಮನಷ್ಯಾರಿಗೆ ಖಾತ್ರಿ ಇಲ್ಲಂತ."

"ಅಷ್ಟು ಗೊತ್ತಿದ್ದೂ ಬ್ಯಾಟರಿಗೆ ಹಚ್ಚಿದ್ರೇನು?"

"ನಿನ್ನ ಬಾಟ್ಲಿ ನೋಡಿದಾಗೊಮ್ಮೆ ಆಸೆ ಹುಟ್ಟತಿತ್ತು. ಆಸೆ ಇಟ್ಕೊಂಡು ನಿನ್ನ ಬಾಳು ಹಾಳು ಮಾಡಲೇನು? ಅದಕ್ಕಽ ಖಾಲಿ ಮಾಡಾಕತ್ತಿದ್ದೆ."

ಸಿಟ್ಟೆಲ್ಲ ಎಲ್ಲಿ ಹೋಯಿತೋ! ಅವಳಿಗೆ ಅಳು ಬಂತು, ನಗುವೂ ಬಂತು.

"ಮಕ್ಕಳು ಆದ್ರ ಆಗಲಿ, ಆಗಲಿಲ್ಲಂದ್ರ ಇಬ್ಬರಽ ಇರೋಣು. ನಾ ಒಪ್ಪಿದ್ದು ನಿಮ್ಮನ್ನ. ಆದ್ರ ಈ ಸೀಸ ಮಾತ್ರ ಬ್ಯಾಡ. ನಮ್ಮ ಗಾಣದ ಮೋಟರ್ ನೋಡ್ಕೊಳ್ಳಾಕ ಅಪ್ಪಗ ಒಬ್ಬರು ಬೇಕಾಗ್ಯಾರ."

ಅಂದಾನೆಪ್ಪ ಎದ್ದ. ಮೂಲೆಗೆ ಹೋಗಿ ಸ್ಟೋವ್ ಆರಿಸಿದ. ಸಾಬೂನು ಹಚ್ಚಿ ಎರಡೆರಡು ಸಲ ಕೈ ತೊಳೆದು ಹೊರಗಿನ ಕಟ್ಟೆಯ ಮೇಲೆ ಬಂದು ಕೂತ.

ಶಿವಲೀಲಾ ತಂದಿದ್ದ ಬುತ್ತಿ ಬಿಚ್ಚಿದಳು. ಬಾಟಲಿಯಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಶೇಂಗಾ ಚಟ್ನಿಯ ಮೇಲೆ ಸುರಿದಳು.

"ಖಾಲಿ ಆತ್ರಿ. ನಾಳೆ ಬಸ್ಸಿಗೆ ಇನ್ನೊಂದು ಕೊಟ್ಟು ಕಳಿಸಲೇನು?"

ಅವನು ಅವಳ ಮುಖ ನೋಡಿದ.

"ಬ್ಯಾಡ. ನಾನಽ ಬರ್ತೇನಿ."