ಕೆಳಗಿಳಿಯದ ಬಲೂನು

ಮೇಷ್ಟ್ರು ಮಾಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೀತಿಯಲ್ಲಿ ಬಿದ್ದ ವಿಜ್ಞಾನದ ಮೇಷ್ಟ್ರು ಇನ್ನೇನು ತಾನೇ ಮಾಡಿಯಾರು?

ಮಕ್ಕಳು ಬಣ್ಣ ಬಳಿದ ಥರ್ಮಾಕೋಲ್ ಡಬ್ಬದೊಳಗೆ ಕ್ಯಾಮೆರಾ ಇಟ್ಟು, ಶಾಲೆಯ ಮೈದಾನದಿಂದ ಬಲೂನಿಗೆ ಕಟ್ಟಿ ಹಾರಿಸುವುದು. ಬಲೂನು ಮೋಡಗಳಾಚೆ ಏರಿ ಒಡೆದ ಮೇಲೆ, ಡಬ್ಬ ಪ್ಯಾರಾಶೂಟಿನಲ್ಲಿ ಇಳಿದಲ್ಲಿಗೆ ಹೋಗಿ ಹುಡುಕಿ ತರುವುದು. ಪಾಠಕ್ಕೆಂದು ಶುರುವಾದ ಕೆಲಸ. ಕ್ಯಾಮೆರಾ ಊರಿನ ಫೋಟೋ ಸ್ಟುಡಿಯೋ ನಡೆಸುವವಳದು, ಕಾರೂ ಅವಳದೇ. ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವ ಭಾಗ್ಯ ಮಾತ್ರ ಮೇಷ್ಟ್ರದು.

"ಎಡಕ್ಕೆ ಅಂದ್ರೆ ಯಾವ ಎಡ ಮೇಷ್ಟ್ರೇ? ನನ್ನ ಮುಖ ನೋಡ್ಕೊಂಡು ಮ್ಯಾಪ್ ಓದಿದ್ರೆ ಹೀಗೇ ಆಗೋದು," ಎಂದು ಅವಳು ಕಣ್ಣಂಚಿನಲ್ಲಿ ನಕ್ಕರೆ ಅವರ ಕಿವಿಯವರೆಗೂ ಕೆಂಪು.

ಅವಳಿಗೊಂದು ಸಂಬಂಧ ಬಂದಿತ್ತು. ಹೂಂ ಅನ್ನಬೇಕೋ ಬೇಡವೋ, ಅವಳು ಮನೆಗೆ ಇವತ್ತೇ ಹೇಳಬೇಕಿತ್ತು. ಅದು ಗೊತ್ತಿದ್ದೂ ಮೇಷ್ಟ್ರ ಬಾಯಿಗೆ ಬೀಗ. ಹಾಳಾದ ಧೈರ್ಯ ಬರುವಷ್ಟರಲ್ಲಿ ಪ್ರತಿ ಸಲವೂ ಡಬ್ಬವೇ ಸಿಕ್ಕಿಬಿಡುತ್ತಿತ್ತು! ಹಾಗಾಗಿ ಇವತ್ತು ಬೆಳಿಗ್ಗೆ, ಬಲೂನಿನ ಕತ್ತನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಅದು ಮೇಲಕ್ಕೆ ಎಷ್ಟು ಎಳೆಯುತ್ತದೆಂದು ಅಳೆಯುವಾಗ, ಬೇಕೆಂದೇ ಹೀಲಿಯಂ ಸ್ವಲ್ಪ ಕಡಿಮೆ ತುಂಬಿದರು. ನಿಧಾನಕ್ಕೆ ಏರಲಿ, ಗಾಳಿಗೆ ದೂರ ತೇಲಲಿ, ಮಾತಾಡಲು ಪುರುಸೊತ್ತು ಸಿಗಲಿ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಒಡೆಯುವಷ್ಟು ಎತ್ತರಕ್ಕೆ ಬಲೂನು ಏರಲೇ ಇಲ್ಲ. ಮಧ್ಯದಲ್ಲೇ ತೇಲುತ್ತ ಗಾಳಿಯ ಜೊತೆ ಹೊರಟಿತು. ಇವರು ಬೆನ್ನು ಹತ್ತಿ ರಸ್ತೆ ಮುಗಿಯುವ ಕಡಲತೀರಕ್ಕೆ ಬರುವ ಹೊತ್ತಿಗೆ ಅದು ನೀರಿನ ಮೇಲೆ ಬಹುದೂರ. ಫೋನಿನಲ್ಲಿ ಅದರ ಜಾಡು ತೋರಿಸುತ್ತಿದ್ದ ಚುಕ್ಕಿಯೂ ಆರಿತು.

"ಹೋಯ್ತು," ಎಂದಳು. "ಪಾಪ, ಮಕ್ಕಳಿಗೆ ಏನು ಹೇಳೋದು?"

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ತಪ್ಪು ನಂದೇ ರೀ. ಬೇಕಂತಲೇ ಗ್ಯಾಸ್ ಕಮ್ಮಿ ಹಾಕ್ದೆ. ನಿಮ್ಮ ಜೊತೆ ಇನ್ನೊಂದಿಷ್ಟು ಹೊತ್ತು ಸಿಗ್ಲಿ ಅಂತ. ನೀವಂದ್ರೆ ನಂಗೆ ಪ್ರಾಣ."

ಅವಳು ಕಾರಿಗೆ ಒರಗಿ ನಿಂತು ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿತು.

"ಅಯ್ಯೋ ದೇವ್ರೇ! ಬಾಯಿಬಿಟ್ಟು ಕೇಳಿದ್ರೆ ನಾನೇ ಇಡೀ ದಿನ ಸುಮ್ನೆ ಸುತ್ತಿಸ್ತಿದ್ನಲ್ಲ."

"ಈಗ ಕೇಳ್ತಿದೀನಲ್ಲ..."

"ಬೆಳಿಗ್ಗೆ ಮೈದಾನದಲ್ಲಿದ್ದಾಗ ಅಮ್ಮನ ಫೋನ್ ಬಂತು. ಏನು ಹೇಳ್ಲಿ ಅಂತ ನಿಮ್ಮನ್ನೇ ನೋಡ್ತಾ ನಿಂತೆ. ನೀವು ತಲೇನೇ ಎತ್ತಲಿಲ್ಲ. ತಕ್ಕಡಿ ನೋಡ್ತಾ ಇದ್ರಿ." ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. "ಹೂಂ ಅಂದುಬಿಟ್ಟೆ."

'ಮತ್ತೆ ಫೋನ್ ಮಾಡಿ, ಬೇಡ ಅನ್ನಿ' ಎಂಬ ಮಾತು ಮೇಷ್ಟ್ರ ಗಂಟಲಿನವರೆಗೆ ಬಂತು. ಅದು ಅವಳಿಗೂ ಕಂಡಿತು.

"ಅದನ್ನ ಹೇಳ್ಬೇಡಿ," ಎಂದಳು ಮೆಲ್ಲಗೆ. "ಅಮ್ಮ ಖುಷಿಗೆ ಅತ್ತೇಬಿಟ್ಲು. ನೀವು ಹೇಳಿದ್ರೆ ನಾನು ಫೋನ್ ಮಾಡಿಬಿಡ್ತೀನಿ."

ಹಾಗೆಂದವಳು ಕಾರಿನ ಬಾಗಿಲು ಹಿಡಿದು ಒಂದು ಗಳಿಗೆ ಕಾದಳು. ಮೇಷ್ಟ್ರು ಹೇಳಲಿಲ್ಲ.